ತೆರೆಯ ಎತ್ತರ

ಹಳೆಯ ಟಾಕೀಸೊಂದನ್ನು ಜೀರ್ಣೋದ್ಧಾರ ಮಾಡುವ ಮಾತು ಬಂದಾಗಲೆಲ್ಲ ಸುಣ್ಣಬಣ್ಣ, ಮೆತ್ತನೆಯ ಕುರ್ಚಿ, ಹೊಸ ಧ್ವನಿವರ್ಧಕಗಳ ಲೆಕ್ಕವೇ ಮುಂದಾಗುತ್ತದೆ. ತೆರೆಯ ಆಕಾರವನ್ನು ಕುರಿತು ವಿಚಾರಿಸುವವರು ವಿರಳ. ನನಗೆ ಅದರ ಚಿಂತೆ ಹಿಡಿದುದು ಚಿತ್ರದುರ್ಗದ ದೆಸೆಯಿಂದ.

ಹಳೆಯ ಮೈಸೂರಿನ ಸಣ್ಣ ಊರುಗಳ ಜನ ಸಿನಿಮಾ ಕಂಡದ್ದು ಡೇರೆಯಲ್ಲಿ. ಒಂದೇ ಪ್ರೊಜೆಕ್ಟರು, ಸಾವಿರ ಅಡಿಯ ಸುರುಳಿ 11 ನಿಮಿಷಕ್ಕೆ ಮುಗಿಯಿತೆಂದರೆ ದೀಪ ಹತ್ತಿತು, ಕಡಲೆಕಾಯಿಯವನು ಕೂಗಿದ! ಆಮೇಲೆ ಕಾಯಂ ಟಾಕೀಸುಗಳೆದ್ದವು. ಪ್ರೊಜೆಕ್ಟರು ಎರಡಾಯಿತು, ಕಥೆ ತಡೆಯಿಲ್ಲದೆ ಓಡಿತು. ತೆರೆ ಮಾತ್ರ ಬಹುಕಾಲ ಹಳೆಯದೇ: ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದುದು 1977ರಲ್ಲಿ, ‘ಸೊಸೆ ತಂದ ಸೌಭಾಗ್ಯ’ದೊಡನೆ.

ಅದಕ್ಕೆ ಐದು ವರ್ಷ ಮೊದಲೇ, 1972ರಲ್ಲಿ, ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಬೆಸೆದು ‘ನಾಗರಹಾವು’ ತೆಗೆದರು. (ಕಾದಂಬರಿಕಾರರಿಗೆ ಚಿತ್ರ ಹಿಡಿಸಲಿಲ್ಲ, ಜನರಿಗೆ ಹಿಡಿಸಿತು.) ದುರ್ಗ ಅಡ್ಡಡ್ಡ ಹರಡಿದ ಊರಲ್ಲ. ಬಂಡೆಯ ಮೇಲೆ ಬಂಡೆ, ಮೆಟ್ಟಿಲ ಮೇಲೆ ಮೆಟ್ಟಿಲು, ಅದರ ಮೇಲೆ ಬುರುಜು. ಜಯಂತಿಯವರ ಓಬವ್ವ ಕಿಂಡಿಯ ಬಳಿ ಒನಕೆ ಎತ್ತುವಾಗ ತೆರೆಯಲ್ಲಿ ಅಷ್ಟು ಎತ್ತರ ಬೇಕೇ ಬೇಕು.

ನಿರ್ಮಾಪಕ ಎನ್. ವೀರಾಸ್ವಾಮಿಯವರ ಮಗ 2018ರ ಜುಲೈನಲ್ಲಿ ಇದೇ ಚಿತ್ರವನ್ನು ಸಿನಿಮಾಸ್ಕೋಪಿಗೆ ಹೊಂದಿಸಿ, ಹೊಸ ಧ್ವನಿ ಕೊಟ್ಟು ಮತ್ತೆ ಬಿಡುಗಡೆ ಮಾಡಿದರು. ಮೊಮ್ಮಕ್ಕಳ ಕಾಲದವರಿಗೂ ರಾಮಾಚಾರಿ, ಚಾಮಯ್ಯ ಮೇಷ್ಟರು ಚಿತ್ರಮಂದಿರದಲ್ಲೇ ಎದುರಾದರಲ್ಲ, ಅದು ಸಣ್ಣ ಉಪಕಾರವಲ್ಲ. ಆದರೆ ನಾಲ್ಕಕ್ಕೆ ಮೂರರ ಚಿತ್ರವನ್ನು ಅಗಲದ ತೆರೆ ತುಂಬುವಂತೆ ಮಾಡಲು ದಾರಿ ಎರಡೇ: ಅಡ್ಡಕ್ಕೆ ಹಿಗ್ಗಿಸಬೇಕು, ಇಲ್ಲವೆ ಮೇಲೆ ಕೆಳಗೆ ಕತ್ತರಿಸಬೇಕು. ಪೂರ್ತಿ ಕತ್ತರಿಸಿಯೇ ಹೊಂದಿಸುವುದಾದರೆ ಎತ್ತರದ ಐದರಲ್ಲಿ ಎರಡು ಪಾಲು ಹೋಗುತ್ತದೆ. ಕೋಟೆಯ ಚಿತ್ರಕ್ಕೆ ಇದು ದುಬಾರಿ ಬೆಲೆ.

ನಿರ್ಮಾಪಕರನ್ನು ದೂರಿ ಫಲವಿಲ್ಲ. ಇಂದಿನ ಮಂದಿರಗಳ ತೆರೆಯೇ ಅಗಲ. ಹಿಂದೆ ಎರಡು ಬಗೆಯ ಚಿತ್ರಗಳೂ ಬರುತ್ತಿದ್ದ ಕಾಲದಲ್ಲಿ ಒಳ್ಳೆಯ ಟಾಕೀಸುಗಳು ಇದಕ್ಕೊಂದು ಸುಲಭೋಪಾಯ ಇಟ್ಟುಕೊಂಡಿದ್ದವು: ತೆರೆಯ ಇಕ್ಕೆಲಗಳಲ್ಲಿ ಒಳಕ್ಕೂ ಹೊರಕ್ಕೂ ಸರಿಯುವ ಕಪ್ಪು ಬಟ್ಟೆ. ಹಳೆಯ ಚಿತ್ರ ಬಂದ ದಿನ ಒಳಕ್ಕೆ ಎಳೆದರಾಯಿತು. ಒಂದು ಕೂದಲೂ ಕತ್ತರಿಸದೆ ಚಿತ್ರ ಪೂರ್ತಿ ಕಾಣುತ್ತಿತ್ತು. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಕುರ್ಚಿಗಳ ಕೆಳಗೆ ಇದಕ್ಕೂ ಒಂದು ಸಾಲು ಇರಲಿ; ಬೇಕಾದುದು ಒಂದಷ್ಟು ಗಜ ಕಪ್ಪು ಬಟ್ಟೆ, ಎರಡು ರಾಟೆ, ಒಂದು ಹಗ್ಗ.