ತೆಂಗಿನ ಹುಳುವಿನ ನಾಮಕರಣ

ಹಿಂದೆ ತಾಲ್ಲೂಕಿನ ಕಸಬೆಯಾಗಿದ್ದ ಹೊನ್ನವಳ್ಳಿಯೂ, ಅದರ ಸುತ್ತಣ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯೂ ತೆಂಗನ್ನೇ ನಂಬಿ ಬಾಳುವ ನಾಡು. ಮಾಗಿ ಕಳೆದು ಬಿಸಿಲೇರುವ ದಿನಗಳಲ್ಲಿ ಇಲ್ಲಿಯ ಕೆಲವು ತೋಟಗಳು ದೂರದಿಂದ ನೋಡುವವರಿಗೆ ಬೆಂಕಿ ತಗುಲಿದಂತೆ ತೋರುವುದುಂಟು. ಮರಗಳು ನೀರಿಲ್ಲದೆ ಒಣಗಿದುವೆಂದು ಹೊಸಬರು ಭ್ರಮಿಸಬಹುದು. ಆದರೆ ಕೆಳಗಣ ಸೋಗೆಯೊಂದನ್ನು ಇಳಿಸಿ ಗರಿಯ ಹಿಂಬದಿಯನ್ನು ತಿರುವಿದರೆ ನಿಜಸ್ಥಿತಿ ವಿದಿತವಾಗುವುದು. ಬಾಯಿಂದ ತೆಗೆದ ನೂಲನ್ನೂ ತನ್ನ ಹಿಕ್ಕೆಯನ್ನೂ ಬೆರೆಸಿ ಕಟ್ಟಿದ ಸುರಂಗದೊಳಗೆ, ಹಸುರನ್ನೆಲ್ಲ ಕೆರೆದು ತಿನ್ನುತ್ತ, ಕಪ್ಪು ತಲೆಯ ಹುಳುವೊಂದು ಅಡಗಿರುತ್ತದೆ. ಸುಮಾರು 40 ದಿನಗಳ ಕಾಲ ಅದಕ್ಕೆ ಇದೇ ಕೆಲಸ. ತರುವಾಯ ಅದು ಕೋಶವಾಗಿ, ಬೂದುಬಣ್ಣದ ಸಣ್ಣ ಪತಂಗವಾಗಿ ಹೊರಬೀಳುತ್ತದೆ.

ರೈತರು ಕಪ್ಪು ತಲೆ ಹುಳುವೆಂದು ಕರೆಯುವ ಈ ಪ್ರಾಣಿಗೆ ಶಾಸ್ತ್ರದಲ್ಲಿ ಎರಡು ಸಲ ನಾಮಕರಣವಾಯಿತು. ಎರಡು ಸಲವೂ ಆ ಕಾರ್ಯ ನಡೆದುದು ತೆಂಗು ಬೆಳೆಯದ ಇಂಗ್ಲೆಂಡಿನಲ್ಲಿ!

ಮೊದಲನೆಯವನು ಫ್ರಾನ್ಸಿಸ್ ವಾಕರ್. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರಾಶಿಬಿದ್ದಿದ್ದ ಕೀಟಗಳಿಗೆ ಪಟ್ಟಿ ಬರೆಯುವ ಕೆಲಸ ಈತನದು. ಪತಂಗಗಳ ಪಟ್ಟಿಯೊಂದೇ 1854ರಿಂದ 1866ರ ವರೆಗೆ 35 ಭಾಗಗಳಾಗಿ ಹೊರಬಂದಿತು. ಹೊಳೆಹಳ್ಳಗಳಲ್ಲಿ ಮರಳಿನ ಕಣಗಳನ್ನು ನೂಲಿನಿಂದ ಅಂಟಿಸಿ ಮನೆ ಕಟ್ಟಿಕೊಳ್ಳುವ ಕ್ಯಾಡಿಸ್ ಕೀಟಗಳು ಪತಂಗಗಳಿಗೆ ಅತ್ಯಂತ ಸಮೀಪದ ಬಂಧುಗಳು. ಅವುಗಳ ಪಟ್ಟಿಯನ್ನೂ ಈತನೇ 1852ರಲ್ಲಿ ಬರೆದಿದ್ದನು. ಪತಂಗಗಳ ಪಟ್ಟಿಯ 29ನೆಯ ಭಾಗದಲ್ಲಿ, 1864ರಲ್ಲಿ, ‘ಒಪಿಸಿನಾ ಅರೆನೋಸೆಲ್ಲಾ’ ಎಂಬ ಹೆಸರು ಕಾಣಿಸಿಕೊಂಡಿತು. ಎರಡನೆಯ ಪದವು ಮರಳು ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದುದು. ರೆಕ್ಕೆಯ ಬಣ್ಣ, ಅಳತೆ, ಇಷ್ಟರಲ್ಲೇ ಮುಗಿಯುವ ಅಂಥ ಪಟ್ಟಿಗಳಲ್ಲಿ, ಹುಳು ಯಾವ ಗಿಡವನ್ನು ತಿನ್ನುತ್ತದೆಂಬುದಕ್ಕೆ ಸಾಮಾನ್ಯವಾಗಿ ಎಡೆಯಿರಲಿಲ್ಲ. ವಾಕರನ ಅವಸರ ಎಷ್ಟೆಂದರೆ, ಒಂದೇ ಜಾತಿಯನ್ನು ಹೊಸದೆಂದು ಮತ್ತೆ ಮತ್ತೆ ಹೆಸರಿಸಿದ ಸಂದರ್ಭಗಳೂ ಉಂಟು. 1874ರಲ್ಲಿ ಆತನು ತೀರಿಕೊಂಡಾಗ ಕೀಟಶಾಸ್ತ್ರದ ಪತ್ರಿಕೆಯೊಂದು, ಸತ್ತವರ ವಿಷಯದಲ್ಲಿ ತೋರಬೇಕಾದ ದಾಕ್ಷಿಣ್ಯವನ್ನೂ ಬಿಟ್ಟು, ಆತನಿಂದ ಶಾಸ್ತ್ರಕ್ಕೆ ಹಾನಿಯಾಯಿತೆಂದೇ ಬರೆಯಿತು.

ಎರಡನೆಯವನಾದ ಎಡ್ವರ್ಡ್ ಮೇರಿಕ್ (1854–1938) ಬೇರೆ ಜಾಯಮಾನದವನು. ಮಾರ್ಲ್‌ಬರೋ ಶಾಲೆಯಲ್ಲಿ ಹುಡುಗರಿಗೆ ಗ್ರೀಕ್, ಲ್ಯಾಟಿನ್ ಕಲಿಸುತ್ತ, ಬಿಡುವಿನ ವೇಳೆಯಲ್ಲಿ ಲೋಕದ ಮೂಲೆಮೂಲೆಗಳಿಂದ ಬಂದ ಸಣ್ಣ ಪತಂಗಗಳನ್ನು ಪರೀಕ್ಷಿಸಿ, 14,000ಕ್ಕೂ ಮಿಕ್ಕ ಜಾತಿಗಳನ್ನು ವರ್ಣಿಸಿದ ಮಹಾಶ್ರಮಿ. ರೆಕ್ಕೆಯ ನರಗಳ ಹಂಚಿಕೆಯನ್ನು ಓದುವುದರಲ್ಲಿ ಆತನಿಗೆ ಸಮಾನರು ವಿರಳ. 1905ರಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಆತನು ಇದೇ ಪತಂಗಕ್ಕೆ ಹೊಸ ಕುಲವೊಂದನ್ನು ಕಲ್ಪಿಸಿ ‘ನೆಫ್ಯಾಂಟಿಸ್ ಸೆರಿನೋಪಾ’ ಎಂದು ಹೆಸರಿಟ್ಟನು. ವಾಕರನ ಅರೆನೋಸೆಲ್ಲಾ ಇದೇ ಎಂಬುದು ಹೊಳೆಯಲಿಲ್ಲ. ಬಣ್ಣಗೆಟ್ಟ ಸಣ್ಣ ಪತಂಗಗಳಲ್ಲಿ ಒಂದನ್ನೊಂದು ಬೇರ್ಪಡಿಸಲು ಜನನಾಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಆಗಲೇ ಬೆಳೆಯುತ್ತಿದ್ದರೂ, ಮೇರಿಕನು ಕೊನೆಯವರೆಗೂ ಅದಕ್ಕೆ ಒಲಿದವನಲ್ಲ.

ತೆಂಗನ್ನು ಕುರಿತ ಬರಹಗಳಲ್ಲಿ ಮೇರಿಕನ ಹೆಸರೇ ನೆಲೆಗೊಂಡಿತು. ದಕ್ಷಿಣ ಹಿಂದೂಸ್ಥಾನದಲ್ಲಿ ಈ ಹುಳುವಿನ ಹಾವಳಿಯನ್ನೂ, ಅದರ ಶತ್ರುಕೀಟಗಳಿಂದಲೇ ಅದನ್ನು ಅಡಗಿಸುವ ಯತ್ನವನ್ನೂ ಕುರಿತು ವೈ. ರಾಮಚಂದ್ರ ರಾವ್, ಎಂ. ಸಿ. ಚೆರಿಯನ್, ಅನಂತನಾರಾಯಣನ್ ಇವರು 1948ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೂ ನೆಫ್ಯಾಂಟಿಸ್ ಎಂಬ ಹೆಸರಿನಲ್ಲೇ ಇದೆ. ಹೀಗಿರಲು, 1981ರಲ್ಲಿ ಬ್ರೆಜಿಲಿನ ಪಂಡಿತ ಬೆಕರ್, ವಾಕರನದೂ ಮೇರಿಕನದೂ ಒಂದೇ ಜಾತಿಯೆಂದು ನಿರ್ಣಯಿಸಿದರು. ಪ್ರಾಣಿಗಳ ನಾಮಕರಣದಲ್ಲಿ ಮೊದಲು ಪ್ರಕಟವಾದ ಹೆಸರಿಗೇ ಅಗ್ರಪೂಜೆ. ಆದುದರಿಂದ 76 ವರ್ಷ ಚಲಾವಣೆಯಲ್ಲಿದ್ದ ಹೆಸರು ಬಿದ್ದುಹೋಗಿ, ಪಟ್ಟಿಯಲ್ಲಿ ಮರೆತುಹೋಗಿದ್ದುದು ಎದ್ದು ಕುಳಿತಿತು. ಜಾಗರೂಕನಾದ ಉಪಾಧ್ಯಾಯನು ಸೋತು, ನಿಂದೆಗೊಳಗಾದ ಪಟ್ಟಿಕಾರನು ಗೆದ್ದುದು ನ್ಯಾಯವೇ ಎಂದು ಕೇಳಬಹುದು. ನ್ಯಾಯವಲ್ಲದಿರಬಹುದು, ಆದರೆ ಯೋಗ್ಯತೆಯನ್ನು ತೂಗಿ ಹೆಸರು ಕೊಡಹೊರಟರೆ ಆ ಜಗಳಕ್ಕೆ ಕೊನೆಯೆಲ್ಲಿ?

ಹುಳುವೇನೋ ಹೆಸರು ಬದಲಾಯಿತೆಂದು ಗರಿ ತಿನ್ನುವುದನ್ನು ಬಿಡಲಿಲ್ಲ. ಆದರೆ ಹೊಸ ಹೆಸರನ್ನು ಮಾತ್ರ ಬಲ್ಲವನಿಗೆ ಹಿಂದಿನವರು ಕಂಡುಕೊಂಡ ಉಪಾಯಗಳೆಲ್ಲ ಮುಚ್ಚಿದ ಪುಸ್ತಕವಾಗುವುವು. ಇದು ಸಣ್ಣ ನಷ್ಟವಲ್ಲ. ಎತ್ತರದ ಮರದಲ್ಲಿ ಸುರಂಗದೊಳಗೆ ಅಡಗಿದ ಹುಳುವಿಗೆ ಮದ್ದು ತಲಪಿಸುವುದು ಕಷ್ಟ. ಅದನ್ನು ಹುಡುಕಿಕೊಂಡು ಹೋಗುವ ಶತ್ರುವೇ ಬೇಕು. ಆ ಶತ್ರುಗಳಲ್ಲಿಯೂ ಒಂದೊಂದು ಹುಳುವಿನ ಒಂದೊಂದು ಅವಸ್ಥೆಗೆ ಎರಗುವುದರಿಂದ, ಅವುಗಳನ್ನು ಬೇರೆಬೇರೆಯಾಗಿ ಗುರುತಿಸಿ ವರ್ಣಿಸಬೇಕಾಯಿತು. ಅಮೆರಿಕದ ರೋವರ್ 1921ರಲ್ಲಿ ಎಲಾಸ್ಮಸ್ ಕಣಜವನ್ನೂ, ಗೇಹನ್ 1930ರಲ್ಲಿ ಬ್ರಾಕಿಮೇರಿಯಾ ಕಣಜವನ್ನೂ, ಮ್ಯೂಸ್‌ಬೆಕ್ 1934ರಲ್ಲಿ ಈಗ ಗೋನಿಯೋಜಸ್ ಎನಿಸಿಕೊಂಡಿರುವುದನ್ನೂ ವರ್ಣಿಸಿದರು. ಮೂರಕ್ಕೂ ‘ನೆಫ್ಯಾಂಟಿಡಿಸ್’, ಎಂದರೆ ನೆಫ್ಯಾಂಟಿಸಿಗೆ ಸೇರಿದುದು, ಎಂಬುದೇ ಎರಡನೆಯ ಪದ.

ಇವುಗಳಲ್ಲಿ ಗೋನಿಯೋಜಸ್ ಇರುವೆಯಷ್ಟೇ ಇರುವ ಕರಿಯ ಕಣಜ. ತಾಯಿಯು ಸುರಂಗದೊಳಕ್ಕೆ ನುಗ್ಗಿ, ಹುಳುವನ್ನು ಕುಟುಕಿ ನಿಶ್ಚೇಷ್ಟಿತಗೊಳಿಸಿ, ಅದರ ಮೈಮೇಲೆಯೇ ಮೊಟ್ಟೆಯಿಟ್ಟು, ಮರಿಗಳು ಅದನ್ನು ಹೀರಿ ಬೆಳೆಯುವ ತನಕ ಬಳಿಯಲ್ಲೇ ಕಾವಲಿರುತ್ತದೆ. ಈಗ ಪ್ರಯೋಗಾಲಯಗಳಲ್ಲಿ ಅಕ್ಕಿಯ ಪತಂಗದ ಹುಳುಗಳ ಮೇಲೆ ಇದನ್ನು ಸಾಕಿ, ಸಣ್ಣ ಕೊಳವೆಗಳಲ್ಲಿ ತುಂಬಿ ತೋಟಗಳಿಗೆ ಒಯ್ದು ಬಿಡುತ್ತಾರೆ. ಹುಳುವು ಮೇರಿಕನ ಹೆಸರನ್ನು ಕಳೆದುಕೊಂಡಿತು. ಅದನ್ನು ಕೊಲ್ಲುವ ಕಣಜವು ಮಾತ್ರ ಆ ಹೆಸರನ್ನು ಇಂದಿಗೂ ಹೊತ್ತುಕೊಂಡಿದೆ.