ಚದುರಂಗಕ್ಕೆ ಎಷ್ಟು ಯಂತ್ರ ಬೇಕು?

ಮನೆಯಲ್ಲಿ ಚದುರಂಗದ ತಂತ್ರಾಂಶವನ್ನು ಓಡಿಸಲೆಂದು ಹೊಸ ಕಂಪ್ಯೂಟರ್ ಕೊಳ್ಳಹೊರಟವರು ಅಂಗಡಿಯಲ್ಲಿ ಮೊಟ್ಟಮೊದಲು ವಿಚಾರಿಸುವುದು ವೇಗವನ್ನು. ಅಂಗಡಿಯವನೂ ಅಷ್ಟೇ ಉತ್ಸಾಹದಿಂದ ಎಲ್ಲಕ್ಕಿಂತ ಹೆಚ್ಚಿನ ಬೆಲೆಯ ಯಂತ್ರದ ಕಡೆಗೆ ಕೈ ತೋರಿಸುತ್ತಾನೆ. ಯಂತ್ರ ಬಲವಾದಷ್ಟೂ ಆಟ ಬಲವಾಗುತ್ತದೆ ಎಂಬ ಈ ನಂಬಿಕೆ ಇಂದು ನಿನ್ನೆಯದಲ್ಲ; ಅದಕ್ಕೊಂದು ಇತಿಹಾಸವಿದೆ. ಅದನ್ನು ತುಸು ತಿರುವಿ ನೋಡಿದರೆ ಕೊಳ್ಳುವವರ ಜೇಬಿಗೆ ಒಂದಿಷ್ಟು ಉಪಕಾರವಾದೀತು.

ಯಂತ್ರವೊಂದು ಚದುರಂಗವಾಡಬೇಕೆಂಬ ಬಯಕೆ ಮೊದಲು ಹೆಸರು ಮಾಡಿದ್ದು ಒಂದು ಮೋಸದಿಂದ. ೧೭೭೦ರಲ್ಲಿ ಕೆಂಪೆಲೆನ್ ಎಂಬವನು ವಿಯೆನ್ನಾದಲ್ಲಿ ಮೇರಿಯಾ ಥೆರೇಸಾ ರಾಣಿಯ ಆಸ್ಥಾನದ ಮುಂದೆ ತುರ್ಕಿಯವನ ವೇಷ ತೊಟ್ಟ ಒಂದು ಬೊಂಬೆಯನ್ನು ತಂದು ನಿಲ್ಲಿಸಿದನು. ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆಲ್ಲ ಹಲ್ಲುಗಾಲಿಗಳು. ೧೮೦೯ರಲ್ಲಿ ನೆಪೋಲಿಯನ್ನನೂ ಅದರ ಎದುರು ಕುಳಿತು ಆಡಿದನು. ನಿಜದಲ್ಲಿ ಗಾಲಿಗಳು ನೋಡುವವರ ಕಣ್ಣಿಗೆ ಮಾತ್ರ. ಆಡುತ್ತಿದ್ದುದು ಅವುಗಳ ಹಿಂದೆ ಮೈ ಮುದುರಿಕೊಂಡು ಕುಳಿತ ಒಬ್ಬ ನುರಿತ ಆಟಗಾರ! ಹಲ್ಲುಗಾಲಿಗಳನ್ನು ಕಂಡು ಮರುಳಾಗುವುದು ನಮಗೆ ಹಳೆಯ ಅಭ್ಯಾಸವೆಂದು ಕಾಣುತ್ತದೆ.

ನಿಜವಾದ ಪ್ರಯತ್ನಕ್ಕೆ ತಳಹದಿ ಬಿದ್ದದ್ದು ಅಮೆರಿಕದ ಕ್ಲಾಡ್ ಶ್ಯಾನನ್ ೧೯೫೦ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಿಂದ. ಚದುರಂಗದ ಯಾವುದೇ ಸ್ಥಿತಿಯಲ್ಲಿ ಸರಿಸುಮಾರು ೩೦ ನಡೆಗಳು ಸಾಧ್ಯ. ನಮ್ಮದೊಂದು, ಎದುರಾಳಿಯದೊಂದು ಎಂದು ಎರಡು ನಡೆ ಸೇರುವಷ್ಟರಲ್ಲಿ ದಾರಿಗಳು ಸಾವಿರಕ್ಕೆ ಮುಟ್ಟುತ್ತವೆ. ಇಬ್ಬರೂ ನಲವತ್ತು ನಲವತ್ತು ನಡೆ ನಡೆಸಿದರೆಂದು ಇಟ್ಟುಕೊಂಡರೆ, ಒಂದರ ಮುಂದೆ ೧೨೦ ಸೊನ್ನೆ ಇಡಬೇಕು. ಕೊನೆಯವರೆಗೂ ಎಣಿಸಿ ಮುಗಿಸುವ ಯಂತ್ರ ಎಂದೂ ಹುಟ್ಟಲಾರದು. ಆದ್ದರಿಂದ ಶ್ಯಾನನ್ ಎರಡು ದಾರಿ ಹೇಳಿದನು: ಎಲ್ಲ ನಡೆಗಳನ್ನೂ ಸ್ವಲ್ಪ ದೂರ ನೋಡುವುದು, ಇಲ್ಲವೆ ಆಯ್ದ ಕೆಲವನ್ನು ಮಾತ್ರ ಬಹುದೂರ ನೋಡುವುದು. ಮೊದಲನೆಯದಕ್ಕೆ ವೇಗ ಬೇಕು, ಎರಡನೆಯದಕ್ಕೆ ವಿವೇಕ. ಮುಂದಿನ ಕಥೆಯೆಲ್ಲ ಈ ಎರಡರ ಜಗ್ಗಾಟವೇ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗನ ಬಳಿ ಕ್ರಮವಿಧಿ ಸಿದ್ಧವಿತ್ತು. ಅದನ್ನು ನಡೆಸಬಲ್ಲ ಯಂತ್ರವಿರಲಿಲ್ಲ. ೧೯೫೨ರಲ್ಲಿ ಅವನು ತಾನೇ ಯಂತ್ರವಾದನು. ತನ್ನ ವಿಧಿಯನ್ನು ಕಾಗದದ ಮೇಲೆ ಚಾಚೂ ತಪ್ಪದೆ ಅನುಸರಿಸುತ್ತ, ಒಂದೊಂದು ನಡೆಗೂ ಅರ್ಧ ಗಂಟೆಯಷ್ಟು ಲೆಕ್ಕ ಹಾಕಿ, ಸ್ನೇಹಿತನೊಬ್ಬನ ಮೇಲೆ ಆಡಿ ಸೋತನು. ೧೯೫೬ರಲ್ಲಿ ಲಾಸ್ ಅಲಾಮೋಸ್‌ನ ದೊಡ್ಡ ಯಂತ್ರ ಆಡಿತೇನೋ ನಿಜ. ಆದರೆ ಅದರ ಶಕ್ತಿಗೆ ತಕ್ಕಂತೆ ಹಾಸನ್ನೇ ಆರು ಮನೆ ಉದ್ದ, ಆರು ಮನೆ ಅಗಲಕ್ಕೆ ಇಳಿಸಿ, ಒಂಟೆಗಳನ್ನು ಕೈಬಿಡಬೇಕಾಯಿತು.

ಇಂಥ ಆಟ ಮನೆಯೊಳಕ್ಕೆ ಬಂದದ್ದು ೧೯೭೬ರಲ್ಲಿ. ಪೀಟರ್ ಜೆನಿಂಗ್ಸ್ ಎಂಬವನು ಕಿಮ್-೧ ಎಂಬ ಬರಿಯ ಹಲಗೆಯಂಥ ಕಂಪ್ಯೂಟರಿಗಾಗಿ ಮೈಕ್ರೋಚೆಸ್ ಎಂಬ ತಂತ್ರಾಂಶವನ್ನು ಬರೆದನು. ಅದಕ್ಕೆ ಪರದೆಯಿಲ್ಲ, ಹೊಳೆಯುವ ಆರು ಅಂಕಿಗಳಷ್ಟೇ. ಕಾಯಿಗಳನ್ನು ಪಕ್ಕದಲ್ಲಿ ಹಾಸಿನ ಮೇಲಿಟ್ಟುಕೊಂಡು ನಾವೇ ಸರಿಸಬೇಕು. ಇದ್ದ ಸ್ಮರಣೆಯೆಲ್ಲ ಸೇರಿ ಒಂದು ಕಿಲೋಬೈಟಿಗಿಂತ ತುಸು ಹೆಚ್ಚು. ಈ ಪ್ಯಾರಾವನ್ನು ಕನ್ನಡದಲ್ಲಿ ಬರೆದಿಡಲಿಕ್ಕೂ ಆ ಜಾಗ ಸಾಲದು. ಅಷ್ಟರಲ್ಲಿ ಆತ ಚದುರಂಗವನ್ನು ಕೂರಿಸಿದ್ದನು. ಆಟ ಬಲಹೀನವಾಗಿತ್ತು, ಇರಲಿ. ಅಂಥ ಬಡತನದಲ್ಲಿ ಅಂಥ ಸಂಸಾರ ಹೂಡಿದ್ದೇ ದೊಡ್ಡದು.

ಇನ್ನು ೧೯೯೭. ಐ.ಬಿ.ಎಂ. ಕಂಪನಿಯ ಡೀಪ್ ಬ್ಲೂ ಯಂತ್ರವು ಜಗಜ್ಜೇತ ಕ್ಯಾಸ್ಪರೋವ್‌ನನ್ನು ಆರು ಆಟಗಳಲ್ಲಿ ಮೂರೂವರೆ–ಎರಡೂವರೆಯಿಂದ ಸೋಲಿಸಿತು. ಚದುರಂಗಕ್ಕೆಂದೇ ಮಾಡಿಸಿದ ೪೮೦ ಚಿಪ್ಪುಗಳು, ಸೆಕೆಂಡಿಗೆ ಸುಮಾರು ೨೦ ಕೋಟಿ ಸ್ಥಿತಿಗಳ ಪರಿಶೀಲನೆ. ವೇಗವೇ ಗೆದ್ದಿತೆಂದು ಲೋಕವೆಲ್ಲ ತೀರ್ಮಾನಿಸಿತು. ಕೊಳ್ಳುವವರ ಮನಸ್ಸಿನಲ್ಲಿ ಇಂದಿಗೂ ಕುಳಿತಿರುವುದು ಈ ತೀರ್ಮಾನವೇ.

ಆದರೆ ಅನಂತರ ನಡೆದದ್ದನ್ನು ಅಷ್ಟಾಗಿ ಯಾರೂ ಗಮನಿಸಲಿಲ್ಲ. ೨೦೦೬ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಂದಿನ ಜಗಜ್ಜೇತ ಕ್ರಾಮ್ನಿಕ್‌ನನ್ನು ಡೀಪ್ ಫ್ರಿಟ್ಸ್ ತಂತ್ರಾಂಶ ೪–೨ರಿಂದ ಸೋಲಿಸಿತು. ಅದು ಓಡುತ್ತಿದ್ದುದು ಯಾರು ಬೇಕಾದರೂ ಕೊಳ್ಳಬಹುದಾದ ಎರಡು ಇಂಟೆಲ್ ಪ್ರೊಸೆಸರುಗಳ ಮೇಲೆ. ನೋಡುತ್ತಿದ್ದುದು ಸೆಕೆಂಡಿಗೆ ೮೦ ಲಕ್ಷದ ಆಸುಪಾಸು. (ಎರಡನೆಯ ಆಟದಲ್ಲಿ ಕ್ರಾಮ್ನಿಕ್ ಒಂದೇ ನಡೆಯ ಮಾತನ್ನು ಕಾಣದೆ ಹೋದನು. ನಮ್ಮಂಥವರಿಗೆ ಅದೊಂದು ಸಮಾಧಾನ.) ೨೦೦೯ರಲ್ಲಿ ಬ್ಯೂನಸ್ ಐರಿಸ್‌ನ ಪಂದ್ಯಾವಳಿಯೊಂದರಲ್ಲಿ ಪಾಕೆಟ್ ಫ್ರಿಟ್ಸ್ ಹತ್ತಕ್ಕೆ ಒಂಬತ್ತೂವರೆ ಅಂಕ ಗಳಿಸಿತು. ಅದು ಇದ್ದದ್ದು ಒಂದು ಮೊಬೈಲ್ ಫೋನಿನಲ್ಲಿ! ಸೆಕೆಂಡಿಗೆ ೨೦ ಸಾವಿರ ಸ್ಥಿತಿಗಳಿಗಿಂತ ಕಡಿಮೆ. ಡೀಪ್ ಬ್ಲೂವಿನ ವೇಗದಲ್ಲಿ ಇದು ಹತ್ತು ಸಾವಿರದ ಒಂದು ಪಾಲೂ ಅಲ್ಲ. ಯಾವ ಕೊಂಬೆಯನ್ನು ನೋಡದೆ ಬಿಡಬೇಕೆಂಬುದನ್ನು ತಂತ್ರಾಂಶ ಬರೆಯುವವರು ಕಲಿತಿದ್ದರು. ಶ್ಯಾನನ್ನನ ಎರಡನೆಯ ದಾರಿ ಕೊನೆಗೂ ತೆರೆದಿತ್ತು.

ಇದಕ್ಕೂ ಮೊದಲು, ೨೦೦೫ರಲ್ಲಿ, ಮನುಷ್ಯರೂ ಕಂಪ್ಯೂಟರುಗಳೂ ಕೂಡಿ ಆಡಬಹುದಾದ ಒಂದು ಸ್ಪರ್ಧೆ ನಡೆಯಿತು. ಗ್ರಾಂಡ್‌ಮಾಸ್ಟರುಗಳ ತಂಡಗಳಿದ್ದವು, ಭಾರಿ ಯಂತ್ರಗಳಿದ್ದವು. ಗೆದ್ದವರು ಮೂರು ಕಂಪ್ಯೂಟರುಗಳನ್ನು ಇಟ್ಟುಕೊಂಡ ಇಬ್ಬರು ಅಮೆರಿಕದ ಹವ್ಯಾಸಿಗಳು. ಯಾವ ಯಂತ್ರವನ್ನು ಯಾವಾಗ ಏನು ಕೇಳಬೇಕೆಂದು ಅವರಿಗೆ ತಿಳಿದಿತ್ತು.

ಹಾಗಾದರೆ ಇಂದು ಏನನ್ನು ಕೊಳ್ಳಬೇಕು? ೨೦೦೮ರಲ್ಲಿ ಹುಟ್ಟಿದ ಸ್ಟಾಕ್‌ಫಿಶ್ ಉಚಿತವಾಗಿ ಸಿಗುತ್ತದೆ. ೨೦೨೦ರಿಂದ ಅದರೊಳಗೆ ಒಂದು ಪುಟ್ಟ ನರಜಾಲವೂ ಸೇರಿದೆ. ಆದರೂ ಅದು ಕೆಲಸ ಮಾಡುವುದು ಸಾಮಾನ್ಯ ಪ್ರೊಸೆಸರಿನ ಮೇಲೆಯೇ. ದುಬಾರಿ ಗ್ರಾಫಿಕ್ಸ್ ಕಾರ್ಡು ಅದಕ್ಕೆ ನಿರುಪಯೋಗಿ. ಆ ಕಾರ್ಡು ಬೇಕಾಗುವುದು ೨೦೧೮ರಲ್ಲಿ ಬಂದ ಲೀಲಾ ಎಂಬ ಇನ್ನೊಂದು ಬಗೆಯ ತಂತ್ರಾಂಶಕ್ಕೆ. ಹಣವಿದ್ದರೆ ಹೆಚ್ಚು ಕೋರ್‌ಗಳಿಗೆ ಹಾಕಬಹುದು, ಆದರೆ ಕೋರ್‌ಗಳು ಇಮ್ಮಡಿಯಾದರೆ ಆಟವೇನೂ ಇಮ್ಮಡಿಯಾಗುವುದಿಲ್ಲ. ರಾತ್ರಿಯೆಲ್ಲ ಒಂದೇ ಸ್ಥಿತಿಯನ್ನು ಶೋಧಿಸುವವರಿಗೆ ಲ್ಯಾಪ್‌ಟಾಪಿಗಿಂತ ಮೇಜಿನ ಮೇಲಿಡುವ ಕಂಪ್ಯೂಟರೇ ಲೇಸು. ಲ್ಯಾಪ್‌ಟಾಪು ಕಾದ ಕಾವಲಿಯಂತಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆರು ಕಾಯಿ ಉಳಿದ ಆಟಾಂತ್ಯಗಳಿಗೆಲ್ಲ ಉತ್ತರ ಹೇಳುವ ಕೋಷ್ಟಕಗಳು ಸುಮಾರು ೧೫೦ ಗಿಗಾಬೈಟ್, ಅವಕ್ಕೆ ಎಸ್.ಎಸ್.ಡಿ. ಬೇಕು. ಏಳು ಕಾಯಿಯವು ೧೭ ಟೆರಾಬೈಟಿನಷ್ಟಾಗುತ್ತವೆ. ಅವುಗಳ ಆಸೆ ಗೃಹಸ್ಥರಿಗೆ ಸಲ್ಲದು. ಅಂಚೆ ಚದುರಂಗದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಂಪ್ಯೂಟರ್ ಬಳಸಲು ಅನುಮತಿಯಿದೆ. ಭಾರಿ ಯಂತ್ರದ ಮಾತು ಅಲ್ಲಿನವರಿಗೆ ಬಿಟ್ಟದ್ದು. ಅಲ್ಲಿಯೂ ಈಗ ಬಹುಪಾಲು ಆಟಗಳು ಸಮದಲ್ಲಿ ಮುಗಿಯುತ್ತವೆ.

ಹೊಸದನ್ನು ಕೊಳ್ಳುವ ಮೊದಲು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಸ್ಟಾಕ್‌ಫಿಶ್ ಹಾಕಿಕೊಂಡು ಒಂದು ಆಟ ಆಡಿ ನೋಡುವುದು ಒಳ್ಳೆಯದು. ನಾನು ನೋಡಿದೆ. ಇಪ್ಪತ್ತಾರನೆಯ ನಡೆಗೆ ಮಾತ್ ಆಯಿತು. ಅಂಗಡಿಯವನು ಕೊಟ್ಟ ಬೆಲೆಪಟ್ಟಿ ಮೇಜಿನ ಮೇಲೆ ಹಾಗೆಯೇ ಇದೆ.