ಮನೆ ಮಾರಾಟ: ಬಾಗಿಲು ಯಾರಿಗೆ, ಫ್ಯಾನು ಯಾರಿಗೆ?

ತುಮಕೂರು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಭಾಗದ ಹಳೆಯ ಮನೆಗಳಲ್ಲಿ ಗೋಡೆಗಿಂತ ಮರಮುಟ್ಟಿಗೆ ಬೆಲೆ ಹೆಚ್ಚಿರುವುದುಂಟು. ಕ್ರಯದ ಮಾತುಕತೆ ಮುಗಿದ ಮೇಲೆ ಮಾರಿದವರು ಕೆತ್ತನೆಯ ಬಾಗಿಲುವಾಡವನ್ನು ಕಿತ್ತೊಯ್ದರೆ ಕೊಂಡವರು ಏನು ಮಾಡಬೇಕು?

ಇದಕ್ಕೆ ಉತ್ತರ 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಮನೆಯೊಂದಿಗೆ ಬೀಗ, ಬೀಗದಕೈ, ಸರಳು, ಬಾಗಿಲು, ಕಿಟಕಿ ಹಾಗೂ ಅದರ ಶಾಶ್ವತ ಬಳಕೆಗೆಂದು ಒದಗಿಸಿದ ಇತರ ವಸ್ತುಗಳೂ ಖರೀದಿದಾರರಿಗೆ ಸೇರುತ್ತವೆ ಎಂದು 8ನೇ ಕಲಂ ಹೇಳುತ್ತದೆ. ಬಾಗಿಲುವಾಡದ ವಿಷಯದಲ್ಲಿ ಹೀಗಾಗಿ ಸಂಶಯಕ್ಕೆ ಎಡೆಯಿಲ್ಲ. ಹಿತ್ತಲಿನ ತೆಂಗು, ಬೇವು ಸಹ ನೆಲದೊಂದಿಗೇ ಹೋಗುತ್ತವೆ.

ತೊಡಕಿರುವುದು ಫ್ಯಾನು, ಗೀಸರ್, ಸೋಲಾರ್ ಹೀಟರ್, ಇನ್ವರ್ಟರ್‌ಗಳಲ್ಲಿ. ಕಾಯಿದೆಯಲ್ಲಿ ಇವುಗಳ ಹೆಸರಿಲ್ಲ. ಮೊಳೆ ಹೊಡೆದ ಮಾತ್ರಕ್ಕೆ ವಸ್ತು ಸ್ಥಿರಾಸ್ತಿಯಾಗದು. ಅದನ್ನು ಜೋಡಿಸಿದ್ದು ಕಟ್ಟಡದ ಕಾಯಂ ಅನುಕೂಲಕ್ಕೋ ಅಥವಾ ಆ ವಸ್ತುವಿನ ಬಳಕೆಗಷ್ಟೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಬಳಕೆಯಿರುವವರೆಗೆ ಮಾತ್ರ ನೆಲಕ್ಕೆ ಬಿಗಿದ ಆಯಿಲ್ ಎಂಜಿನ್ ಸ್ಥಿರಾಸ್ತಿಯಲ್ಲವೆಂದು ಮದ್ರಾಸ್ ಹೈಕೋರ್ಟ್ ಹೇಳಿತು. ಟೂರಿಂಗ್ ಸಿನಿಮಾದ ಯಂತ್ರಗಳ ಬಗ್ಗೆ ಆಂಧ್ರ ಪ್ರದೇಶ ಹೈಕೋರ್ಟ್ ತಳೆದ ನಿಲುವೂ ಇದೇ. ಆದರೆ ಕಾರ್ಖಾನೆ ನಡೆಸಲೆಂದೇ ಕಾಯಂ ಆಗಿ ನೆಲೆಗೊಳಿಸಿದ ಯಂತ್ರೋಪಕರಣ ಸ್ಥಿರಾಸ್ತಿಯೆಂದು ಸುಪ್ರೀಂ ಕೋರ್ಟ್ ಡಂಕನ್ಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ (1999) ತೀರ್ಪಿತ್ತಿತು. ಬರಪೀಡಿತ ಸೀಮೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ: ಕೊಳವೆಬಾವಿ ನೆಲದ ಭಾಗ, ಸರಿ, ಅದರೊಳಗಿನ ಮೋಟಾರಿನ ಬಗ್ಗೆ ವಾದ ಹೂಡಲು ಇಬ್ಬರಿಗೂ ಅವಕಾಶವಿದೆ.

ಬಾಡಿಗೆದಾರರಿಗೆ ಬೇರೆಯೇ ನಿಯಮ. ತಾವು ಅಳವಡಿಸಿದ್ದನ್ನು, ಮನೆಯನ್ನು ಮೊದಲಿನ ಸ್ಥಿತಿಯಲ್ಲೇ ಉಳಿಸುವುದಾದರೆ, ಅವರು ಬಿಚ್ಚಿಕೊಂಡು ಹೋಗಬಹುದು. ಬಾಡಿಗೆಗಿದ್ದ ಮನೆ ಕೊಳ್ಳುವವರು ಇದನ್ನು ಮೊದಲೇ ವಿಚಾರಿಸುವುದು ಲೇಸು.

ಕ್ರಯಪತ್ರಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮುಂತಾದ ಅಷ್ಟಭೋಗಗಳನ್ನು ಬರೆಯುವ ರೂಢಿ ಶಾಸನಗಳ ಕಾಲದ್ದು. ನಿಧಿಯನ್ನು ಬರೆಯಲು ಮರೆಯದ ಪತ್ರಗಳು ಗೀಸರನ್ನು ಮರೆಯುವುದು ವಿಚಿತ್ರವೇ ಸರಿ. ಮುಂಗಡ ಕೊಡುವ ಮುನ್ನವೇ, ಕರಾರು ಪತ್ರದ ಅನುಬಂಧದಲ್ಲಿ, ಉಳಿಯುವ ಮತ್ತು ಒಯ್ಯುವ ವಸ್ತುಗಳನ್ನು ಕೋಣೆವಾರು ನಮೂದಿಸಿ ಇಬ್ಬರೂ ಸಹಿ ಹಾಕಬೇಕು. ಮುದ್ರಾಂಕ ಶುಲ್ಕ ಉಳಿಸಲೆಂದು ಪೀಠೋಪಕರಣದ ಬೆಲೆಯನ್ನು ಉಬ್ಬಿಸಿ ಮನೆಯ ಬೆಲೆಯನ್ನು ತಗ್ಗಿಸಿದರೆ, ಕರ್ನಾಟಕ ಮುದ್ರಾಂಕ ಕಾಯಿದೆ, 1957ರ 45-ಎ ಕಲಮಿನನ್ವಯ ಕಡಿಮೆ ಮೌಲ್ಯದ ವಿಚಾರಣೆಯನ್ನು ಎದುರಿಸಬೇಕಾದೀತು.